ಪಾಸಿನಲ್ಲಿ ಇಲ್ಲದ ಹೆಸರು

ಸೋಮಶೇಖರಪ್ಪ ತರೀಕೆರೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ಇಪ್ಪತ್ತೆರಡು ವರ್ಷದ ಸರ್ವೀಸು. ಮನೆಯವರನ್ನು ಕರೆದುಕೊಂಡು ಕಾಸು ಖರ್ಚಿಲ್ಲದೆ ಊರು ಸುತ್ತಿಬರಲಿ ಎಂದು ರೈಲ್ವೆಯವರು ವರ್ಷವರ್ಷವೂ ಅವನಿಗೆ ಪಾಸು ಕೊಡುತ್ತಿದ್ದರು. ಕೊಟ್ಟು ಏನು ಬಂತು! ಮದುವೆಗೆಂದು ದಾವಣಗೆರೆಗೆ, ಶಿವಗಣಾರಾಧನೆಗೆಂದು ಅಜ್ಜಂಪುರಕ್ಕೆ, ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಹುಬ್ಬಳ್ಳಿಗೆ ಹೋದದ್ದು ಬಿಟ್ಟರೆ, ಸುಮ್ಮನೆ ಒಂದು ಊರು ನೋಡಿ ಬರೋಣವೆಂದು ಆ ಮನೆಯವರು ರೈಲು ಹತ್ತಿದ್ದೇ ಇಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ಆ ವರ್ಷದ ಪಾಸು ಸತ್ತಿತು ಎಂದೇ ಲೆಕ್ಕ.

ಎಂಬತ್ತಮೂರನೇ ಇಸವಿಯಲ್ಲಿ ಹಾಗಾಗಬಾರದೆಂದು ಹಟ ಹಿಡಿದವಳು ಅವನ ಮಗಳು ಮಲ್ಲಿಕಾಂಬ. ಏಳನೇ ಕ್ಲಾಸು. ಆ ವರ್ಷ ಅವಳಿಗೆ ಟಿಪ್ಪು ಸುಲ್ತಾನನ ಪಾಠ ಇತ್ತು. ಸಂಜೆ ಅಡುಗೆಮನೆಯಲ್ಲಿ ಒಲೆಯ ಬೆಳಕಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕೇಳುವವಳು ಅವಳ ಸೋದರತ್ತೆ ಗುರುಶಾಂತಮ್ಮ. ಸೋಮಶೇಖರಪ್ಪನ ತಂಗಿ. ಮೂವತ್ತೆರಡು ವರ್ಷ. ಚೌಳಹಿರಿಯೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ರೇವಣಪ್ಪ ಇನ್ನೊಬ್ಬಳನ್ನು ಮನೆಗೆ ತಂದಿಟ್ಟುಕೊಂಡ ಮೇಲೆ ತವರಿಗೆ ಬಂದು ಎಂಟು ವರ್ಷವಾಗಿತ್ತು. ಬಂದವಳು ಒಲೆ, ಎಮ್ಮೆ, ಬಾವಿ, ಬಟ್ಟೆ ಎಲ್ಲವನ್ನೂ ತಲೆಯ ಮೇಲೆ ಹಾಕಿಕೊಂಡಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎಂದಿರಲೂ ಇಲ್ಲ.

"ಶ್ರೀರಂಗಪಟ್ಟಣದ ಕೋಟೆ ಗೋಡೆ ಒಡೆದು ಇಂಗ್ಲಿಷರು ಒಳಗೆ ನುಗ್ಗಿದರು," ಎಂದು ಮಲ್ಲಿಕಾ ಓದಿದಳು.

ರೊಟ್ಟಿ ತಟ್ಟುತ್ತಿದ್ದ ಗುರುಶಾಂತಮ್ಮನ ಕೈ ನಿಂತಿತು. "ಒಳಗಿದ್ದ ಹೆಂಗಸ್ರು ಏನಾದ್ರೇ?"

"ಪುಸ್ತಕದಲ್ಲಿ ಇಲ್ಲ ಅತ್ತೆ."

"ಹೆಂಗಸ್ರು ಇದ್ದೇ ಇರ್ತಾರಲ್ಲೇ. ಅಷ್ಟು ದೊಡ್ಡ ಕೋಟೆ, ಅಡುಗೆ ಮಾಡೋರು ಯಾರು ಮತ್ತೆ?"

"ಪರೀಕ್ಷೇಲಿ ಅದನ್ನ ಕೇಳಲ್ಲ."

"ಗೋಡೆ ಒಡೆದಿದ್ದು ಈಗ್ಲೂ ಕಾಣ್ಸುತ್ತಾ?"

"ಕಾಣ್ಸುತ್ತಂತೆ. ನಮ್ ಮೇಷ್ಟ್ರು ನೋಡವ್ರೆ. ರೈಲು ಕೋಟೆ ಒಳಗೇ ಹೋಗುತ್ತಂತೆ. ಸುತ್ತ ಹೊಳೆ."

ಗುರುಶಾಂತಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ನಾನೂ ನೋಡ್ಬೇಕು ಕಣೇ ಅದನ್ನ," ಎಂದಳು. ಇಂಥದು ಬೇಕು ಎಂದು ಎಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ರಾತ್ರಿ ಊಟಕ್ಕೆ ಕೂತಾಗ ಮಲ್ಲಿಕಾ ಮಾತು ತೆಗೆದಳು. ಸೋಮಶೇಖರಪ್ಪನಿಗೂ ಅವರೆಕಾಳಿನ ಸಾರು ಚೆನ್ನಾಗಿ ಹಿಡಿಸಿತ್ತು. "ಆಗ್ಲಿ ಕಣವ್ವ, ದಸರಾ ರಜಕ್ಕೆ ಹೋಗೋಣ. ಮೂರು ದಿನ," ಎಂದುಬಿಟ್ಟ.

ಅವನ ಹೆಂಡತಿ ವಿಮಲಮ್ಮ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಅವಳ ಅಕ್ಕ ಕಾಂತಮ್ಮ ಮೈಸೂರಿನಲ್ಲಿದ್ದಳು; ಅಕ್ಕನ ಮುಖ ನೋಡಿ ನಾಲ್ಕು ವರ್ಷವಾಗಿತ್ತು. "ಕಾಂತಕ್ಕನ ಮನೇಲೇ ಉಳಕೊಳ್ಳೋಣ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಎಷ್ಟು ದೂರ! ನಾಳೇನೇ ಕಾಗದ ಬರೀತೀನಿ."

ಅಜ್ಜಿ ತೀರ್ಥಮ್ಮ ಮುದ್ದೆ ಮುರಿಯುತ್ತ ತನ್ನ ಷರತ್ತುಗಳನ್ನು ಒಂದೊಂದಾಗಿ ಇಟ್ಟಳು. "ಹೋಟ್ಲು ಅನ್ನ ನಾನು ಮುಟ್ಟಲ್ಲ. ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಕುಡಿಯಲ್ಲ. ಸೋಮವಾರ ಹೊರಡೋ ಹಂಗಿಲ್ಲ. ಆ ಯುದ್ಧ ಗಿದ್ಧ ನಂಗೆ ಬೇಡ, ಸಂಗಮದಲ್ಲಿ ಒಂದು ಮುಳುಗು ಹಾಕಿಸಿ ಕರ್ಕೊಂಡ್ ಬಂದ್ರೆ ಸಾಕು."

"ಪಾಸಲ್ಲಿ ಅತ್ತೆ ಹೆಸ್ರೂ ಬರಿ ಅಪ್ಪ," ಎಂದಳು ಮಲ್ಲಿಕಾ.

ಯಾವ ಅತ್ತೆ ಎಂದು ಯಾರೂ ಕೇಳಲಿಲ್ಲ. ಸೋಮಶೇಖರಪ್ಪ ಸಾರು ಸುರಿದುಕೊಂಡು, "ನೋಡೋಣ," ಎಂದ. ಆ ಮನೆಯಲ್ಲಿ 'ನೋಡೋಣ' ಎಂದರೆ ಏನರ್ಥವೆಂದು ಎಮ್ಮೆಗೂ ಗೊತ್ತಿತ್ತು.

ತೊಡಕು ಇದ್ದದ್ದು ಪಾಸಿನ ಅರ್ಜಿಯಲ್ಲಿ. ಹೆಂಡತಿ ಬರಬಹುದು, ಮಕ್ಕಳು ಬರಬಹುದು, ಗಂಡನಿಲ್ಲದ ತಾಯಿ ಬರಬಹುದು. ತಂದೆ ಇಲ್ಲದಿದ್ದರೆ ತಂಗಿಯೂ ಬರಬಹುದು. ಆದರೆ ಅವಳು ಮದುವೆಯಾಗದವಳಾಗಿರಬೇಕು, ಇಲ್ಲವೇ ವಿಧವೆಯಾಗಿರಬೇಕು. ಮದುವೆಯಾಗಿ, ಗಂಡ ಬದುಕಿದ್ದು, ಅವನಿಗೂ ಬೇಡವಾಗಿ ಅಣ್ಣನ ಮನೆಯಲ್ಲಿ ಮುದ್ದೆ ತೊಳಸುವವಳಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಎಂಟು ವರ್ಷವೂ ಅವಳು ಮನೆಯಲ್ಲೇ ಉಳಿದದ್ದು ಅದಕ್ಕೇ. ಮೇಲೆ ಹೇಳುತ್ತಿದ್ದ ಕಾರಣ ಮಾತ್ರ ಎಮ್ಮೆಯದು. ಅದು ಗುರುಶಾಂತಮ್ಮನ ಕೈಗಲ್ಲದೆ ಹಾಲು ಕೊಡುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಬೇರೆ ಯಾರೂ ಕರೆದು ನೋಡಿರಲಿಲ್ಲ.

ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮುದ್ದಪ್ಪ ಒಂದು ದಿನ ಮನೆಗೆ ಹಾಲಿಗೆ ಬಂದವನು ಜಗಲಿಯಲ್ಲಿ ಬಿಚ್ಚಿಟ್ಟಿದ್ದ ಅರ್ಜಿ ನೋಡಿದ.

"ಏನ್ ಸಾರ್ ಇದು, ಇಷ್ಟಕ್ಕೆ ತಲೆ ಕೆಡಿಸ್ಕೊಂಡಿದೀರಾ? ವಿಧವೆ ಅಂತ ಬರೀರಿ. ಯಾರ್ ಬಂದು ಕೇಳ್ತಾರೆ?"

"ಏ, ಮೆತ್ತಗೆ ಮಾತಾಡೋ," ಎಂದು ಸೋಮಶೇಖರಪ್ಪ ಒಳಗೆ ಕಣ್ಣು ಹಾಯಿಸಿದ. "ನಮ್ ಭಾವ ಬೊಂಬಾಯಲ್ಲಿ ಕಂಟ್ರಾಕ್ಟು ಮಾಡಿಸ್ತಾರೆ ಕಣೋ. ಅದಕ್ಕೇ ಅವಳು ಇಲ್ಲಿರೋದು."

ಮುದ್ದಪ್ಪ ಹಾಲಿನ ಚೊಂಬು ಎತ್ತಿಕೊಂಡ. ರೇವಣಪ್ಪ ಎಂಟು ವರ್ಷದಿಂದ ಚೌಳಹಿರಿಯೂರು ಬಿಟ್ಟು ಎಲ್ಲಿಗೂ ಹೋಗಿಲ್ಲವೆಂದು ತರೀಕೆರೆಯ ಅರ್ಧ ಊರಿಗೆ ಗೊತ್ತಿತ್ತು. ಸೋಮಶೇಖರಪ್ಪನೊಬ್ಬನೇ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದ. "ಹಂಗಾದ್ರೆ ಬಿಡಿ ಸಾರ್," ಎಂದು ಮುದ್ದಪ್ಪ ಹೊರಟುಹೋದ.

ಅವನು ಹೋದದ್ದೇ ತಡ, ತೀರ್ಥಮ್ಮ ಬಾಗಿಲಿಗೆ ಬಂದಳು. ಕಣ್ಣಿಗೆ ಆಪರೇಷನ್ ಆಗಿತ್ತೇ ಹೊರತು ಕಿವಿಗೆ ಏನೂ ಆಗಿರಲಿಲ್ಲ.

"ಏನಂದ ಅವ್ನು? ಗಂಡ ಬದುಕಿರೋ ಹೆಣ್ಣುಮಗಳನ್ನ ಮುಂಡೆ ಅಂತ ಬರೀಬೇಕಂತಾ? ನನ್ ಅಳೀನ ಸಾಯಿಸ್ತೀಯೇನೋ, ಒಂದು ರೈಲಿಗೋಸ್ಕರ?"

"ನಾನೆಲ್ಲಿ ಬರೆದೆ ಅವ್ವ? ಅವ್ನು ಹೇಳ್ದ ಅಷ್ಟೆ."

"ಬರೀ ಅಣ್ಣ," ಎಂದಳು ಗುರುಶಾಂತಮ್ಮ. ಅವಳು ಕೊಟ್ಟಿಗೆಯ ಕಡೆಯಿಂದ ಬಂದಿದ್ದಳು, ಕೈಯಲ್ಲಿ ಸಗಣಿ ಇತ್ತು. "ನನ್ ಪಾಲಿಗೆ ಅವ್ರು ಸತ್ತು ಎಂಟು ವರ್ಷ ಆಯ್ತು. ಸುಳ್ಳೇನಿಲ್ಲ ಅದು. ಬರೀ."

"ಬಾಯಿ ಮುಚ್ಚೇ!" ತೀರ್ಥಮ್ಮನ ಧ್ವನಿ ರೈಲ್ವೆ ಕ್ವಾರ್ಟರ್ಸಿನ ಸಾಲಿಗೆಲ್ಲ ಕೇಳಿಸಿತು. "ಕೊರಳಲ್ಲಿ ತಾಳಿ ಇಟ್ಕೊಂಡು ಆಡೋ ಮಾತಾ ಇದು?"

"ತೆಗೀತೀನಿ ಅಂದಾಗ ಬಿಡ್ಲಿಲ್ಲ. ಇಟ್ಕೊಂಡಿದ್ದಕ್ಕೆ ಪಾಸಲ್ಲಿ ಹೆಸ್ರಿಲ್ಲ. ನಾನೇನು ಮಾಡ್ಲವ್ವ ಹಂಗಾದ್ರೆ?"

ಸೋಮಶೇಖರಪ್ಪ ಪೆನ್ನಿನ ಮುಚ್ಚಳ ಹಾಕಿದ. "ಸುಳ್ಳು ಬರೆದು ಕೊಟ್ಟೆ ಅಂತ ಯಾವನಾದ್ರೂ ಮೇಲಕ್ಕೆ ಒಂದು ಕಾಗದ ಹಾಕಿದ್ರೆ ನನ್ನ ಕೆಲಸ ಹೋಯ್ತದೆ. ಆಮೇಲೆ ಎಲ್ರೂ ಕೂತ್ಕೊಂಡು ಶ್ರೀರಂಗಪಟ್ಟಣ ತಿನ್ನಿ."

ನಾಲ್ಕು ಹೆಸರು ಬರೆದು ಅರ್ಜಿ ಕಳಿಸಿದ. ತಾನು, ವಿಮಲಮ್ಮ, ಮಲ್ಲಿಕಾಂಬ, ತೀರ್ಥಮ್ಮ. ಅದು ಹೋಗಿ ಪಾಸಾಗಿ ಬರುವ ಹೊತ್ತಿಗೆ ದಸರಾ ಮುಗಿದು, ಬನ್ನಿಯ ಎಲೆ ದೇವರ ಮುಂದೆ ಒಣಗಿಹೋಗಿತ್ತು.

ಗಂಡಹೆಂಡಿರ ಜಗಳ ಆಮೇಲೆ ಶುರುವಾಯಿತು. ವಿಮಲಮ್ಮನಿಗೆ ನಾದಿನಿಯ ಮೇಲೆ ವಿಪರೀತ ಪ್ರೀತಿಯೇನೂ ಇರಲಿಲ್ಲ. ತನ್ನ ಅಡುಗೆಮನೆಯಲ್ಲಿ ತಾನೇ ನೆಂಟರ ಹಾಗೆ ಇರಬೇಕಾದ ಸಿಟ್ಟು ಅವಳಿಗೆ ಬೇಕಾದಷ್ಟಿತ್ತು. ಆದರೆ ಒಬ್ಬಳನ್ನು ಬಿಟ್ಟು ಹೋಗಿ ತಾನು ಸುಖವಾಗಿ ಹೊಳೆಯಲ್ಲಿ ಕಾಲಾಡಿಸಲಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಗಂಡನಿಗೆ ರೊಟ್ಟಿ ಹಾಕುತ್ತ ಹೇಳಿದಳು.

"ಅಲ್ರೀ, ಪಾಸಲ್ಲಿ ಹೆಸ್ರು ಇಲ್ದಿದ್ರೆ ಹೋಗ್ಲಿ. ಶಾಂತಂಗೆ ಒಂದು ಟಿಕೆಟ್ ತಗೊಂಡ್ರೆ ಆಯ್ತಲ್ಲ?"

ಸೋಮಶೇಖರಪ್ಪ ಕೆಂಡ ತುಳಿದವನಂತೆ ತಲೆಯೆತ್ತಿದ. "ಟಿಕೆಟ್ಟಾ?"

"ಹೂಂ, ಟಿಕೆಟ್ಟು. ದಿನಾ ಊರೋರಿಗೆಲ್ಲ ಕೊಡ್ತೀರಲ್ಲ, ಅದು."

"ನಮ್ಮಪ್ಪ ಗ್ಯಾಂಗ್‌ಮನ್. ನಾನು ಬುಕಿಂಗ್ ಕ್ಲರ್ಕ್. ನಮ್ ಮನೇಲಿ ಇವತ್ತಿನ ತನಕ ಯಾರೂ ಟಿಕೆಟ್ ತಗೊಂಡು ರೈಲು ಹತ್ತಿಲ್ಲ ಕಣೇ. ಜನ ನಗಲ್ವಾ?"

"ನಗ್ಲಿ ಬಿಡ್ರಿ. ನಕ್ರೆ ನಮ್ ಗಂಟೇನು ಹೋಯ್ತದೆ?"

"ನಿಂಗೇನು ಗೊತ್ತು! ಗಾಡೀಲಿ ಟಿ.ಟಿ. ಬತ್ತಾನೆ. ನಾಲ್ಕು ಜನ ಪಾಸು, ಒಬ್ಬರು ಟಿಕೆಟ್ಟು. ಯಾರು ಸಾರ್ ಇವ್ರು ಅಂತಾನೆ. ತಂಗಿ ಅಂತೀನಿ. ಪಾಸಲ್ಲಿ ಯಾಕಿಲ್ಲ ಅಂತಾನೆ. ಮದುವೆ ಆಗಿದೆ ಅಂತೀನಿ. ಭಾವ ಎಲ್ಲಿ ಅಂತಾನೆ." ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ. "ಆಮೇಲೆ? ಆಮೇಲೇನು ಹೇಳ್ಲಿ?"

"ಬಿಟ್ಟುಬಿಟ್ಟ ಅನ್ನಿ. ತಪ್ಪು ಮಾಡಿದೋನು ಚೌಳಹಿರಿಯೂರಲ್ಲಿ ಮೀಸೆ ತಿರುವ್ಕೊಂಡು ಓಡಾಡ್ತಾವ್ನೆ. ಮುಚ್ಚಿಟ್ಕೊಳೋಕೆ ನಿಮಗೇನು ಬಂದಿರೋದು?"

ಬಾಗಿಲ ಹಿಂದೆ ತೀರ್ಥಮ್ಮ ಇದ್ದಳು. ಅವಳು ಯಾವಾಗಲೂ ಇರುತ್ತಿದ್ದಳು. "ಮನೆ ಒಳಗೇ ಮೀರ್ ಸಾದಿಕ್ ಇದ್ಮೇಲೆ ಬೇರೆ ಶತ್ರು ಯಾಕ್ ಬೇಕು," ಎಂದಳು. ಮೊಮ್ಮಗಳು ಓದಿದ ಪಾಠ ಅಜ್ಜಿಗೂ ಅಷ್ಟಿಷ್ಟು ತಲೆಗೆ ಹತ್ತಿತ್ತು. ವಿಮಲಮ್ಮ ರೊಟ್ಟಿಯ ತಟ್ಟೆಯನ್ನು ಕುಕ್ಕಿ ಹಿತ್ತಿಲಿಗೆ ಹೋದಳು. ಆವತ್ತು ಮಧ್ಯಾಹ್ನ ಅತ್ತೆ ಸೊಸೆ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು, ಗುರುಶಾಂತಮ್ಮ ಎರಡು ಸಲ ಸಾರು ಬಿಸಿ ಮಾಡಿದಳು.

ದೀಪಾವಳಿಗೆ ಹೊರಡೋಣ ಎಂದಾಯಿತು. ಅಷ್ಟರಲ್ಲಿ ತೀರ್ಥಮ್ಮ ತನ್ನದೇ ಒಂದು ದಾರಿ ಹುಡುಕಿದಳು. ಟಿಕೆಟ್ಟೋ ಪಾಸೋ ಅದು ಗಂಡಸರ ಮಾತು. ಗಂಡನಿರುವ ಹೆಣ್ಣು ಹೊರಗೆ ಹೋಗಬೇಕಾದರೆ ಗಂಡನ ಒಂದು ಮಾತು ಬೇಕು. ಅದು ಸಿಕ್ಕರೆ ಕರೆದುಕೊಂಡು ಹೋಗಲಿ, ಯಾರು ಬೇಡ ಎಂದರು? ಹೀಗೆಂದು ಕಡೂರಿನ ಸಂತೆಗೆ ಹೋಗುವವನೊಬ್ಬನ ಕೈಯಲ್ಲಿ ಚೌಳಹಿರಿಯೂರಿಗೆ ಹೇಳಿ ಕಳಿಸಿದಳು. ಹಬ್ಬದ ನೆಪದಲ್ಲಿ ಅಳಿಯನನ್ನು ಮನೆಗೆ ಕರೆದ ಹಾಗೂ ಆಯಿತು ಎಂಬ ಒಳ ಆಸೆಯೂ ಇತ್ತು. ಎಂಟು ವರ್ಷವಾದರೂ ಆ ಮುದುಕಿಗೆ ಅದು ಬಿಟ್ಟಿರಲಿಲ್ಲ.

ಅಳಿಯನಿಗಾಗಿ ಕಾಯುತ್ತ ದೀಪಾವಳಿಯೂ ಕಳೆಯಿತು. ಹಬ್ಬ ಕಳೆದು ಎರಡನೇ ಭಾನುವಾರ ರೇವಣಪ್ಪ ಬಂದ. ಗರಿಗರಿ ಪಂಚೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. "ಏನ್ ಭಾವ, ಚೆನ್ನಾಗಿದೀರಾ?" ಎಂದು ಜಗಲಿಯಲ್ಲಿ ಕೂತ, ನಿನ್ನೆ ತಾನೇ ಹೋಗಿ ಇವತ್ತು ಬಂದವನ ಹಾಗೆ. ತೀರ್ಥಮ್ಮ ಹೋಳಿಗೆ ಮಾಡಿಸಿದ್ದಳು. ಹೂರಣ ರುಬ್ಬಿದವಳು ಗುರುಶಾಂತಮ್ಮ. ಬಡಿಸು ಎಂದು ತಾಯಿ ಕಣ್ಣಲ್ಲೇ ಹೇಳಿದಾಗ ಅವಳು ತಟ್ಟೆಯನ್ನು ವಿಮಲಮ್ಮನ ಕೈಗೆ ಕೊಟ್ಟು ಒಲೆಯ ಮುಂದೆ ಕೂತಳು.

ರೇವಣಪ್ಪ ಮೂರು ಹೋಳಿಗೆ ತಿಂದ. ತುಪ್ಪ ಕಡಿಮೆಯಾಯಿತೆಂದು ಇನ್ನೊಂದು ಸಲ ಹಾಕಿಸಿಕೊಂಡ. ಈ ವರ್ಷ ಈರುಳ್ಳಿಗೆ ರೇಟಿಲ್ಲ ಎಂದ. ಕಡೂರಿನಲ್ಲಿ ಹೊಸ ಬಸ್ ಬಿಟ್ಟಿದ್ದಾರೆ ಎಂದ. ಎಲ್ಲ ಆದ ಮೇಲೆ ಸೋಮಶೇಖರಪ್ಪ ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದ.

"ಪಟ್ಟಣಕ್ಕಾ?" ರೇವಣಪ್ಪ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದ. "ಬೇಡ ಬಿಡಿ ಭಾವ. ನಮ್ಮನೆ ಹೆಂಗಸು ಹಂಗೆಲ್ಲ ಊರೂರು ತಿರುಗೋದು ಚೆನ್ನಾಗಿರಲ್ಲ. ನಾಳೆ ನಾಲ್ಕು ಜನ ನನ್ನ ಕೇಳ್ತಾರೆ."

ವಿಮಲಮ್ಮ ಕೈಯಲ್ಲಿದ್ದ ನೀರಿನ ಚೊಂಬನ್ನು ಅವನ ತಲೆಯ ಮೇಲೆ ಸುರಿಯುತ್ತಾಳೆಂದೇ ಮಲ್ಲಿಕಾ ಕಾದಳು. ಸೋಮಶೇಖರಪ್ಪ ಮಾತಾಡಬೇಕಿತ್ತು. ಮನೆಯ ಯಜಮಾನ, ಸರ್ಕಾರಿ ನೌಕರ, ಒಡಹುಟ್ಟಿದವನು. ಅವನು, "ಹಂಗಂತೀರಾ?" ಎಂದ. ಅಷ್ಟೇ ಹೇಳಿದ ಪುಣ್ಯಾತ್ಮ.

"ಯಜಮಾನ್ರು ಹೇಳಿದ ಮೇಲೆ ಮುಗೀತು," ಎಂದಳು ತೀರ್ಥಮ್ಮ.

ರೇವಣಪ್ಪ ಸಂಜೆ ಬಸ್ಸಿಗೆ ಹೊರಟ. ಹೋಗುವಾಗ ಒಳಗಿನವಳ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ಹೋಳಿಗೆ ಕಟ್ಟಿಸಿಕೊಂಡ. "ಮಕ್ಕಳಿಗೆ," ಎಂದ.

ಅವನು ತಂದಿದ್ದ ಬಾಳೆಹಣ್ಣನ್ನು ಗುರುಶಾಂತಮ್ಮ ಎಮ್ಮೆಗೆ ಹಾಕಿದಳು. ವಿಮಲಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು.

"ನಿಂಗೆ ಸಿಟ್ಟು ಬರಲ್ವೇನೇ ಶಾಂತಾ?"

"ಬತ್ತದೆ ಅತ್ತಿಗೆ. ಬಂದು ಏನು ಮಾಡ್ಲಿ? ಮಕ್ಕಳಿಗಂತೆ. ನಾನು ರುಬ್ಬಿದ ಹೂರಣ." ಅವಳು ಎಮ್ಮೆಯ ಬೆನ್ನು ತಿಕ್ಕುತ್ತಿದ್ದಳು, ತಿಕ್ಕುತ್ತ ತಿಕ್ಕುತ್ತ ಅತ್ತಳು. "ಆ ಕೋಟೆ ಗೋಡೆ ಒಂದು ನೋಡ್ಬೇಕು ಅಂದಿದ್ದೆ, ಅಷ್ಟೇ. ಅದೇನು ಚಿನ್ನದ ಸರ ಕೇಳಿದ್ನಾ? ಎಲ್ಲಿಂದ ಎಲ್ಲಿಗೆ ತಗೊಂಡೋಗಿ ನಿಲ್ಸಿದ್ರು ನೋಡು."

ವಿಮಲಮ್ಮನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಕೊಟ್ಟಿಗೆ ಗುಡಿಸಿದಳು. ಆ ಮನೆಗೆ ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಡಿಸೆಂಬರ್ ಬಂತು. ಪಾಸು ಇನ್ನು ಮೂರು ವಾರಕ್ಕೆ ಸಾಯುತ್ತಿತ್ತು. ಕ್ರಿಸ್ಮಸ್ಸಿನ ಹಿಂದಿನ ದಿನ, ಶನಿವಾರ, ಬೆಳಗಿನ ಪ್ಯಾಸೆಂಜರಿಗೆ ಹೊರಡುವುದೆಂದು ಸೋಮಶೇಖರಪ್ಪ ರಜಕ್ಕೆ ಬರೆದುಕೊಟ್ಟ. ಬೀರೂರಿಗೆ ಹೋಗಿ ಗಾಡಿ ಬದಲಿಸಿ, ಅರಸೀಕೆರೆಯಲ್ಲಿ ಇಳಿದು ಹಾಸನದ ಮೇಲಿನ ಗಾಡಿ ಹಿಡಿದರೆ ಸಂಜೆಯೊಳಗೆ ಮೈಸೂರು. ರಾತ್ರಿ ಕಾಂತಮ್ಮನ ಮನೆ. ಮರುದಿನ ಬೆಳಿಗ್ಗೆ ಶ್ರೀರಂಗಪಟ್ಟಣ. ಕಾಂತಮ್ಮ ಎರಡು ಕಾಗದ ಬರೆದಿದ್ದಳು, ಬರದಿದ್ದರೆ ಮೂರನೆಯದು ಬರೆಯುವುದಿಲ್ಲ ಎಂದು.

ತೀರ್ಥಮ್ಮ ಹೋಟ್ಲು ಅನ್ನ ಮುಟ್ಟುವುದಿಲ್ಲವಲ್ಲ, ಬುತ್ತಿಯ ಕೆಲಸ ಒಂದು ವಾರ ನಡೆಯಿತು. ಜೋಳದ ಖಡಕ್ ರೊಟ್ಟಿ ಅರವತ್ತು. ಹುಚ್ಚೆಳ್ಳಿನ ಚಟ್ನಿಪುಡಿ. ಕೊಬ್ಬರಿ ಚಟ್ನಿ, ಮೊಸರಿಗೆ ಮುಚ್ಚಳದ ಡಬ್ಬಿ. ಇದನ್ನೆಲ್ಲ ತಟ್ಟಿ, ಹುರಿದು, ಕುಟ್ಟಿ, ಬಟ್ಟೆಯಲ್ಲಿ ಕಟ್ಟಿದವಳು ಹೋಗದವಳು. ರೊಟ್ಟಿ ತೆಳ್ಳಗಾಗಲಿಲ್ಲ ಎಂದು ತೀರ್ಥಮ್ಮ ಎರಡು ಸಲ ಹೇಳಿದಳು. "ಮೂರು ದಿನಕ್ಕೆ ಎಮ್ಮೆ ಹಿಂಡಿ ಸಾಕಾಗುತ್ತಾ ನೋಡ್ಕೊ," ಎಂದೂ ಹೇಳಿದಳು. ಮಲ್ಲಿಕಾ ಮಾತ್ರ ಅತ್ತೆಯ ಪಕ್ಕದಲ್ಲಿ ಕೂತು, "ನಾನೂ ಹೋಗಲ್ಲ," ಎಂದಳು. "ಹೋಗಿ ನೋಡ್ಕೊಂಬಾ. ಗೋಡೆ ಎಷ್ಟಗಲ ಒಡೆದಿದೆ ಅಂತ ನಂಗೆ ಬಂದು ಹೇಳು," ಎಂದಳು ಗುರುಶಾಂತಮ್ಮ. ಹೇಳುವಾಗ ಮುಖ ತಿರುಗಿಸಿದ್ದಳು.

ಶುಕ್ರವಾರ ಮಧ್ಯಾಹ್ನ ಸೋಮಶೇಖರಪ್ಪ ಊಟಕ್ಕೆ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ರಜ ಇಲ್ಲ," ಎಂದ. "ನನ್ನ ಬದಲಿಗೆ ಬರಬೇಕಾದೋನಿಗೆ ಟೈಫಾಯ್ಡ್ ಅಂತೆ."

"ಬೇರೆ ಯಾರೂ ಇಲ್ವಾ?" ಎಂದಳು ವಿಮಲಮ್ಮ.

"ಎಲ್ಲಿಂದ ತರ್ಲಿ, ಗಿಡದಲ್ಲಿ ಬಿಡ್ತಾರಾ ಕ್ಲರ್ಕು?"

"ನೀವು ಇಲ್ದೆ ನಾವೇ ಹೋಗ್ತೀವಿ."

"ನಾನಿಲ್ದೆ ಪಾಸು ನಡೆಯುತ್ತೆ, ನೀವು ನಡೀತೀರಾ? ಅರಸೀಕೆರೇಲಿ ಅವ್ವನ್ನ ಯಾರು ಹತ್ತಿಸ್ತಾರೆ? ಸಂಗಮದ ಮೆಟ್ಲಲ್ಲಿ ಯಾರು ಇಳಿಸ್ತಾರೆ?"

"ನನ್ನನ್ನ ಸೊಸೆ ಕೈಗೆ ಕೊಟ್ಟು ನೀರಿಗೆ ಇಳಿಸ್ಬೇಡಪ್ಪೋ," ಎಂದಳು ತೀರ್ಥಮ್ಮ.

ಆಮೇಲೆ ನಡೆದದ್ದನ್ನು ಜಗಳ ಎಂದರೆ ಜಗಳಕ್ಕೆ ಅವಮಾನ. ದಸರೆಗೇ ಹೋಗಿದ್ದರೆ ಎಂದು ಒಬ್ಬಳು, ಹಾಳು ಅರ್ಜಿ ತಡ ಮಾಡಿದ್ದು ಯಾರು ಎಂದು ಇನ್ನೊಬ್ಬಳು, ನನಗೆ ಈ ಮನೆಯಲ್ಲಿ ಒಂದು ಹೊತ್ತು ನೆಮ್ಮದಿಯ ಅನ್ನವಿಲ್ಲ ಎಂದು ಅವನು. ಮಲ್ಲಿಕಾ ಸಮಾಜದ ಪುಸ್ತಕವನ್ನು ಗೋಡೆಗೆ ಎಸೆದು ಅಪ್ಪನಿಂದ ಒಂದು ಏಟು ತಿಂದಳು. ಪಾಸನ್ನು ಸೋಮಶೇಖರಪ್ಪ ದೇವರ ಪಟದ ಹಿಂದೆ ಸಿಕ್ಕಿಸಿ ಕೆಲಸಕ್ಕೆ ಹೋದ. ಅರವತ್ತು ರೊಟ್ಟಿ ನಡುಮನೆಯಲ್ಲಿ ಗಂಟಾಗಿ ಕೂತಿದ್ದವು.

ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದ ಗುರುಶಾಂತಮ್ಮ ಎಮ್ಮೆಯ ಹಾಲು ಕರೆದಳು. ಸ್ನಾನ ಮಾಡಿ, ಪೂಜೆ ಮಾಡಿಕೊಂಡು, ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಮುತ್ತುಗದ ಊಟದೆಲೆ ಹಚ್ಚಿ ಹೋಟೆಲಿನವನಿಗೆ ಕೊಟ್ಟು ಕೂಡಿಟ್ಟಿದ್ದ ದುಡ್ಡು ಅದೇ ಪೆಟ್ಟಿಗೆಯ ತಳದಲ್ಲಿತ್ತು. ರೊಟ್ಟಿಯ ಗಂಟಿನಿಂದ ಹತ್ತು ರೊಟ್ಟಿ ಬೇರೆ ತೆಗೆದು, ಮೇಲೆ ಚಟ್ನಿಪುಡಿಯ ಪೊಟ್ಟಣ ಇಟ್ಟು ಕಟ್ಟುತ್ತಿರುವಾಗ ವಿಮಲಮ್ಮ ಅಡುಗೆಮನೆಗೆ ಬಂದಳು. ನೋಡಿದಳು.

"ಸಂಜೆ ಹಾಲು?" ಎಂದಳು.

"ಕರಿತೀಯಾ ಅತ್ತಿಗೆ?"

"ಒದೀತದೇನೋ."

"ಒದೀತದೆ. ಹಿಂಡಿ ಮುಂದಿಟ್ಟು ಕೂತ್ಕೊ, ಎಡಗಡೆ ಹೋಗ್ಬೇಡ."

"ಒದೀಲಿ ಬಿಡು. ಇಷ್ಟು ವರ್ಷ ಮನೆಮಂದಿ ಒದ್ದಿದ್ದಕ್ಕಿಂತ ಹೆಚ್ಚೇನು ಒದ್ದಾತು?" ವಿಮಲಮ್ಮ ಡಬ್ಬಿಯಿಂದ ಕಾಂತಮ್ಮನ ಕಾಗದ ತೆಗೆದು ಅವಳ ಗಂಟಿಗೆ ಸಿಕ್ಕಿಸಿದಳು. "ವಿಳಾಸ ಇದ್ರಲ್ಲಿದೆ. ಮೈಸೂರು ಸ್ಟೇಷನ್ನಲ್ಲಿ ಜಟಕಾದೋನಿಗೆ ತೋರ್ಸು. ಅಕ್ಕಂಗೆ ಹೇಳು, ನನ್ ಹಣೇಲಿ ಬರೀಲಿಲ್ಲ, ಶಾಂತನ್ನಾದ್ರೂ ಕಳಿಸ್ದೆ ಅಂತ. ಬೇಗ ಹೋಗು, ಅತ್ತೆ ಪೂಜೆ ಮುಗಿಯೋ ಹೊತ್ತಾಯ್ತು."

"ಕೇಳಿದ್ರೆ ಏನಂತೀಯ?"

"ಕೇಳ್ಲಿ. ಹೇಳ್ತೀನಿ. ಮೀರ್ ಸಾದಿಕ್ ಅಂತ ಹೆಂಗೂ ಅನ್ನಿಸ್ಕೊಂಡಾಗಿದೆ."

ಬುಕಿಂಗ್ ಕಿಟಕಿಯ ಮುಂದೆ ಏಳೆಂಟು ಜನರ ಸಾಲಿತ್ತು. ಅಡಿಕೆ ಮಂಡಿಗೆ ಹೋಗುವವರು, ಲಕ್ಕವಳ್ಳಿ ಡ್ಯಾಮಿನಿಂದ ಬಂದ ಇಬ್ಬರು ಕೂಲಿಯವರು, ಮಗು ಎತ್ತಿಕೊಂಡ ಒಬ್ಬಳು. ಸೋಮಶೇಖರಪ್ಪ ತಲೆ ತಗ್ಗಿಸಿ ಟಿಕೆಟ್ಟಿಗೆ ತಾರೀಖಿನ ಗುದ್ದು ಹಾಕಿ ಹಾಕಿ ಹೊರಗೆ ತಳ್ಳುತ್ತಿದ್ದ. ಹಿಂದಿನ ದಿನದ ಸಿಟ್ಟು ಮುಖದ ಮೇಲೆ ಹಾಗೇ ಇತ್ತು.

"ಎಲ್ಲಿಗೆ?"

"ಶ್ರೀರಂಗಪಟ್ಟಣಕ್ಕೆ ಒಂದು."

ಅವನು ತಲೆಯೆತ್ತಿದ. ಕಂಬಿಯ ಆಚೆ ತಂಗಿ ನಿಂತಿದ್ದಳು. ಅವನ ಕಣ್ಣು ಮೊದಲು ಹೋದದ್ದು ಸಾಲಿನಲ್ಲಿದ್ದವರ ಮುಖದ ಕಡೆಗೆ.

"ಮನೆಗೆ ಹೋಗು," ಎಂದ, ಹಲ್ಲು ಕಚ್ಚಿ.

"ಟಿಕೆಟ್ ಕೊಡಣ್ಣ."

"ಅವ್ವಂಗೆ ಗೊತ್ತಾ? ರೇವಣಪ್ಪ ನಾಳೆ ಕೇಳಿದ್ರೆ?"

"ಕೇಳಿದ್ರೆ ನನ್ನ ಕೇಳ್ಲಿ. ನೀನು ಅವತ್ತೂ ಏನೂ ಹೇಳ್ಲಿಲ್ಲ, ನಾಳೇನೂ ಹೇಳ್ಬೇಡ."

ಹಿಂದಿನಿಂದ ಯಾರೋ, "ಬೇಗ ಕೊಡ್ರೀ ಸ್ವಾಮಿ, ಗಾಡಿ ಬರೋ ಹೊತ್ತಾಯ್ತು," ಎಂದು ಕೂಗಿದರು. ಸೋಮಶೇಖರಪ್ಪ ಟಿಕೆಟ್ಟಿನ ಗೂಡುಗಳ ಕಡೆ ತಿರುಗಿದ. ಬೀರೂರು, ಕಡೂರು, ಅರಸೀಕೆರೆ, ಮೈಸೂರು. "ಪಟ್ಟಣಕ್ಕೆ ಅಚ್ಚಾದ ಟಿಕೆಟ್ ಇಲ್ಲ ಇಲ್ಲಿ," ಎಂದ. ಅದು ನಿಜವೂ ಆಗಿತ್ತು, ಅವನಿಗೆ ದೊಡ್ಡ ಆಸರೆಯೂ ಆಗಿತ್ತು.

"ಬರೆದು ಕೊಡು. ಇಲ್ದಿದ್ದ ಊರಿಗೆ ಕೈಯಲ್ಲಿ ಬರೆದು ಕೊಡ್ತೀನಿ ಅಂತ ನೀನೇ ಹೇಳ್ತಿದ್ದೆಯಲ್ಲ."

ಅವನು ಖಾಲಿ ಟಿಕೆಟ್ಟಿನ ಪುಸ್ತಕ ಎಳೆದು, ಹಾಳೆಗಳ ನಡುವೆ ಕಾರ್ಬನ್ ಇಟ್ಟ. ತರೀಕೆರೆಯಿಂದ, ಎಂದು ಬರೆದ. ಶ್ರೀರಂಗಪಟ್ಟಣಕ್ಕೆ, ಎಂದು ಬರೆದ. ಎರಡನೇ ದರ್ಜೆ. ದೊಡ್ಡವರು, ಒಂದು. ಅಷ್ಟು ಬರೆದು ಪೆನ್ನು ಹಿಡಿದೇ ಇನ್ನೇನು ಬರೆಯಬೇಕೆಂದು ನೋಡಿದ. ಅದರಲ್ಲಿ ಇನ್ನೇನೂ ಕೇಳಿರಲಿಲ್ಲ. ಹೆಸರಿಗೆ ಜಾಗವಿರಲಿಲ್ಲ. ಯಾರ ಮಗಳು, ಯಾರ ಹೆಂಡತಿ, ಗಂಡ ಇದ್ದಾನೆಯೋ ಸತ್ತಿದ್ದಾನೆಯೋ ಎಂದು ಕೇಳುವ ಗೆರೆ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಸಾವಿರಾರು ಹಾಳೆ ಬರೆದಿದ್ದ. ಒಂದು ಸಲವೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಹಾಳೆ ಹರಿದು, ಮೊಹರು ಒತ್ತಿ, ಕಿಟಕಿಯ ತಳದಿಂದ ತಳ್ಳಿದ. ಅವಳು ಕೊಟ್ಟ ದುಡ್ಡನ್ನು ಎಣಿಸದೆ ಡ್ರಾಯರಿಗೆ ಹಾಕಿಕೊಂಡ.

"ಅರಸೀಕೆರೇಲಿ ಇಳಿದು..." ಎಂದು ಶುರುಮಾಡಿದ.

"ಗೊತ್ತಣ್ಣ," ಎಂದಳು ಗುರುಶಾಂತಮ್ಮ ಟಿಕೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ. "ಸರಿ, ಹಿಂದಿನೋರು ಕಾಯ್ತಾವ್ರೆ. ಅವರಿಗೆ ಕೊಡು."